ಬಸ್ಸು ಖಾಸಗಿ, ರಸ್ತೆ ಸರಕಾರಿ. ಪ್ರಯಾಣಿಕ ಯಾರ ಹೊಣೆ?

ನಿಮ್ಮ ಮನೆಯ ಹಿರಿಯರೊಬ್ಬರನ್ನು ಬೈಕಂಪಾಡಿಯಿಂದ ದೇರಳಕಟ್ಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿದೆ ಎಂದಿಟ್ಟುಕೊಳ್ಳಿ. ಸ್ವಂತ ಕಾರಿಲ್ಲ. ಅಷ್ಟು ದೂರಕ್ಕೆ ಆಟೋ ಮಾಡಿದರೆ ಔಷಧದ ಹಣ ಅಲ್ಲೇ ಮುಗಿದು ಹೋಗುತ್ತದೆ. ಟ್ಯಾಂಕರು, ಟ್ರೈಲರುಗಳ ನಡುವೆ ಅವರ ಕೈ ಹಿಡಿದು ಹೆದ್ದಾರಿ ದಾಟಬೇಕು. ಸ್ಟೇಟ್‌ಬ್ಯಾಂಕ್ ಕಡೆಗೆ ಹೋಗುವ ಸಿಟಿ ಬಸ್ಸು ಹತ್ತಬೇಕು. ಪೇಟೆಯ ಸಿಗ್ನಲ್‌ಗಳನ್ನೆಲ್ಲ ದಾಟಿ ಇಳಿದು, ಅಲ್ಲಿ ದೇರಳಕಟ್ಟೆಯ ಬಸ್ಸು ಹುಡುಕಬೇಕು. ಎರಡು ಬಸ್ಸು, ಎರಡು ಟಿಕೆಟು, ಎರಡು ಕಡೆ ಕಾಯುವಿಕೆ. ಮೊದಲ ಬಸ್ಸಿನವರಿಗೆ ನೀವು ಎಲ್ಲಿಗೆ ಹೋಗುತ್ತೀರೆಂದು ಗೊತ್ತಿಲ್ಲ. ಎರಡನೆಯ ಬಸ್ಸಿನವರಿಗೆ ನೀವು ಎಲ್ಲಿಂದ ಬಂದಿರೆಂದು ಬೇಕಿಲ್ಲ. ರಸ್ತೆ ಮಾಡಿದವರಿಗೆ ಇಬ್ಬರ ಸುದ್ದಿಯೂ ಇಲ್ಲ.

ಈ ಪ್ರಯಾಣದಲ್ಲಿ ತಪ್ಪು ಯಾರದು? ಬಸ್ಸಿನ ಮಾಲಕರದ್ದೇ? ಸರಕಾರದ್ದೇ? ಚಾಲಕ, ನಿರ್ವಾಹಕರದ್ದೇ? ನಾವು ಸಾಮಾನ್ಯವಾಗಿ ಕಣ್ಣೆದುರಿಗೆ ಸಿಕ್ಕಿದ ನಿರ್ವಾಹಕನನ್ನು ಬೈದು ಸುಮ್ಮನಾಗುತ್ತೇವೆ. ಆದರೆ ಸಮಸ್ಯೆಯ ಬೇರು ಅಲ್ಲಿಲ್ಲ. ಸರಕಾರ ಮತ್ತು ಖಾಸಗಿಯವರು ಸೇರಿ ನಡೆಸುತ್ತಿರುವ ಈ ವ್ಯವಸ್ಥೆಯಲ್ಲಿ ಪ್ರಯಾಣಿಕನಿಗೆ ಏನು ಸಲ್ಲಬೇಕೆಂಬುದನ್ನು ಯಾರೂ ಸರಿಯಾಗಿ ಕರಾರು ಮಾಡಿಕೊಂಡಿಲ್ಲ. ಬೇರು ಇರುವುದು ಅಲ್ಲಿ.

ಎಲ್ಲವೂ ಬಂದು ಸೇರುವ ಊರು

ಬೈಕಂಪಾಡಿಯನ್ನು ಒಮ್ಮೆ ನಕ್ಷೆಯಲ್ಲಿ ನೋಡಿ. ಪಶ್ಚಿಮಕ್ಕೆ ಸಮುದ್ರ. ಪಕ್ಕದಲ್ಲೇ ಪಣಂಬೂರಿನ ನವಮಂಗಳೂರು ಬಂದರು. 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾದ ಇದನ್ನು 1975ರ ಜನವರಿಯಲ್ಲಿ ಅಂದಿನ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಊರ ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದು ಹೋಗುತ್ತದೆ. ಪೂರ್ವಕ್ಕೆ ಕೈಗಾರಿಕಾ ಪ್ರದೇಶ, ಎ.ಪಿ.ಎಂ.ಸಿ. ಪ್ರಾಂಗಣ, ಅದರಾಚೆ ಜೋಕಟ್ಟೆ, ತೋಕೂರು. ತೋಕೂರಿನಲ್ಲಿ ಕೊಂಕಣ ರೈಲು ಮಾರ್ಗ ಆರಂಭವಾಗುತ್ತದೆ. ಸ್ವಲ್ಪ ದೂರದಲ್ಲಿ ಬಜ್ಪೆಯ ವಿಮಾನ ನಿಲ್ದಾಣ.

ಹಡಗು, ರೈಲು, ವಿಮಾನ, ಹೆದ್ದಾರಿ ನಾಲ್ಕೂ ಇಷ್ಟು ಹತ್ತಿರದಲ್ಲಿರುವ ಊರುಗಳು ಕರ್ನಾಟಕದಲ್ಲಿ ಬೇರೆ ಎಲ್ಲಿವೆ? ಸರಕಿನ ಮಟ್ಟಿಗೆ ಇವೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ಹಡಗಿನಿಂದ ಇಳಿದ ಕಲ್ಲಿದ್ದಲು ರೈಲು ಹತ್ತುತ್ತದೆ. ಸುರತ್ಕಲ್ ನಿಲ್ದಾಣದಲ್ಲಿ ಲಾರಿಗಳೇ ರೈಲು ಏರಿ ಮಹಾರಾಷ್ಟ್ರದ ಕೋಲಾಡ್‌ಗೆ ಹೋಗುತ್ತವೆ. ಲಾರಿಯನ್ನು ರೈಲಿನ ಮೇಲೆ ಹತ್ತಿಸುವಷ್ಟು ಜಾಣ್ಮೆಯಿಂದ ಯೋಚಿಸಿದವರು ನಾವು. ಆದರೆ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಹೊರಬರುವ ಹೆಣ್ಣು ಮಗಳು ಕತ್ತಲಾಗುವ ಮೊದಲು ಮನೆ ಸೇರುವುದು ಹೇಗೆಂದು ಅಷ್ಟೇ ಜಾಣ್ಮೆಯಿಂದ ಯೋಚಿಸಿದ್ದೇವೆಯೇ?

2020ರ ಏಪ್ರಿಲ್‌ನಲ್ಲಿ, ಕೊರೋನಾ ಲಾಕ್‌ಡೌನ್ ಸಮಯದಲ್ಲಿ, ಮಂಗಳೂರಿನ ಸೆಂಟ್ರಲ್ ಮಾರ್ಕೆಟ್‌ನ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಕಳುಹಿಸಿದ್ದು ನಿಮಗೆ ನೆನಪಿರಬಹುದು. ಒಂದು ಮಾರುಕಟ್ಟೆಯನ್ನು ಸ್ಥಳಾಂತರಿಸಿದರೆ ಅದರೊಂದಿಗೆ ಹೊರೆ ಹೊರುವವರು, ಲೆಕ್ಕ ಬರೆಯುವವರು, ಬುಟ್ಟಿ ಹಿಡಿದು ಬರುವ ಚಿಲ್ಲರೆ ವ್ಯಾಪಾರಿಗಳು ಎಲ್ಲರೂ ಸ್ಥಳಾಂತರಗೊಳ್ಳಬೇಕಾಗುತ್ತದೆ. ತರಕಾರಿ ಮಾರುಕಟ್ಟೆ ನಸುಕಿನಲ್ಲೇ ಎದ್ದೇಳುತ್ತದೆ. ಆ ಹೊತ್ತಿಗೆ ಅವರನ್ನು ಕರೆತರುವ ಬಸ್ಸು ಯಾವುದು ಎಂಬ ಪ್ರಶ್ನೆ ಸ್ಥಳಾಂತರದ ಆದೇಶದಷ್ಟೇ ಮುಖ್ಯ. ಸಾರಿಗೆಯ ಸಮಗ್ರ ಚಿಂತನೆ ಎಂದರೆ ಇಂಥ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು.

ಹಳೆಯ ಪಾಲುದಾರಿಕೆ

'ಸಾರ್ವಜನಿಕ-ಖಾಸಗಿ ಸಹಭಾಗಿತ್ವ' ಎಂಬ ಮಾತು ಈಗ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಕೇಳಿದಾಗ ಏನೋ ಹೊಸತು ಎನಿಸುತ್ತದೆ. ನಮ್ಮ ಜಿಲ್ಲೆಯ ಮಟ್ಟಿಗೆ ಇದು ಹೊಸತಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಇಲ್ಲಿ ಖಾಸಗಿಯವರು ಬಸ್ಸು ಓಡಿಸಲು ಆರಂಭಿಸಿದರು. ಸಿ.ಪಿ.ಸಿ., ಹನುಮಾನ್, ಶಂಕರ್ ವಿಠಲ್ ಎಂಬ ಹೆಸರುಗಳನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಹಳೆ ಮೈಸೂರಿನಲ್ಲಿ 1948ರಲ್ಲಿ ಸರಕಾರವೇ ಬಸ್ಸು ನಡೆಸತೊಡಗಿತು. ಅದೇ ಮುಂದೆ 1961ರಲ್ಲಿ ರಸ್ತೆ ಸಾರಿಗೆ ನಿಗಮವಾಯಿತು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹಾಗಾಗಿ ಇಲ್ಲಿ ಖಾಸಗಿ ಬಸ್ಸಿನ ಬೇರು ಆಳಕ್ಕೆ ಇಳಿಯಿತು. ಘಟ್ಟದ ಮೇಲಿನವರು ಬಸ್ಸೆಂದರೆ ಕೆಂಪು ಬಸ್ಸು ಎಂದುಕೊಳ್ಳುತ್ತಾರೆ. ನಮ್ಮ ಮಕ್ಕಳು ಬಸ್ಸಿನ ಹೆಸರು ಹೇಳಿ ಗುರುತಿಸುತ್ತಾರೆ.

ಈ ಖಾಸಗಿ ಬಸ್ಸುಗಳಿಂದ ಆದ ಉಪಕಾರವನ್ನು ಮರೆಯುವಂತಿಲ್ಲ. ಸರಕಾರ ತಲುಪದ ಹಳ್ಳಿಗೂ ಬಸ್ಸು ತಲುಪಿತು. ಕೈ ತೋರಿಸಿದಲ್ಲಿ ನಿಂತಿತು. ಮಕ್ಕಳಿಗೆ ರಿಯಾಯಿತಿ ದರ ಸಿಕ್ಕಿತು. ಸಾವಿರಾರು ಮನೆಗಳ ಒಲೆ ಈ ಬಸ್ಸುಗಳಿಂದ ಉರಿಯಿತು. ಚಾಲಕರು, ನಿರ್ವಾಹಕರು, ಗ್ಯಾರೇಜಿನವರು, ಟಯರಿನವರು ಎಲ್ಲರಲ್ಲೂ ನಮ್ಮ ನಿಮ್ಮ ಮನೆಯ ಹುಡುಗರಿದ್ದಾರೆ.

ಹಾಗಾದರೆ ಸರಕಾರದ ಪಾಲು ಏನು? ರಸ್ತೆ ಅದರದ್ದು. ಟಿಕೆಟಿನ ದರ ನಿಗದಿ ಮಾಡುವುದು ಅದು. ಪರವಾನಗಿ ಕೊಡುವುದು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಯಾವ ಬಸ್ಸು ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹೊರಡಬೇಕೆಂದು ಪರವಾನಗಿಯಲ್ಲೇ ಬರೆದಿರುತ್ತದೆ. ಅಂದರೆ ಬಂಡವಾಳ ಖಾಸಗಿಯವರದ್ದು, ಅಧಿಕಾರ ಸರಕಾರದ್ದು. ಪಾಲುದಾರಿಕೆ ಎನ್ನಲು ಇನ್ನೇನು ಬೇಕು? ಬೇಕಾಗಿದ್ದು ಒಂದೇ: ಲಾಭ ನಷ್ಟ ಯಾರಿಗೆ, ಪ್ರಯಾಣಿಕನ ಹಕ್ಕು ಯಾವುದು ಎಂಬ ಸ್ಪಷ್ಟ ಮಾತು.

ಬಸ್ಸು ಏಕೆ ಓಡುತ್ತದೆ?

ಎರಡು ಬಸ್ಸುಗಳು ಒಂದರ ಹಿಂದೆ ಒಂದು ಪೈಪೋಟಿಗೆ ಬಿದ್ದು ಓಡುವುದನ್ನು ನೀವು ಕೂಳೂರಿನಿಂದ ಸುರತ್ಕಲ್ ತನಕ ಎಲ್ಲಿ ನಿಂತರೂ ನೋಡಬಹುದು. ಮುಂದಿನದ್ದು ನಿಲ್ದಾಣದಲ್ಲಿ ಜನ ತುಂಬುವ ತನಕ ಆಮೆಯಾಗಿರುತ್ತದೆ. ಹಿಂದಿನದ್ದು ಕಾಣಿಸಿತೋ, ಮೊಲವಾಗುತ್ತದೆ. ಇಳಿಯುವವರ ಕಾಲು ನೆಲಕ್ಕೆ ತಾಗುವ ಮೊದಲೇ ಶಿಳ್ಳೆ ಕೇಳುತ್ತದೆ. ಬೆಳಿಗ್ಗೆ ಮದ್ರಸ ಮುಗಿಸಿ ಶಾಲೆಗೆ ಓಡುವ ಮಕ್ಕಳು, ಬ್ಯಾಗು ಹೊತ್ತ ಕಾಲೇಜು ವಿದ್ಯಾರ್ಥಿಗಳು ಫುಟ್‌ಬೋರ್ಡಿನಲ್ಲಿ ಜೋತಾಡುತ್ತಾರೆ. ರಿಯಾಯಿತಿ ಪಾಸಿನ ಮಕ್ಕಳನ್ನು ಕಂಡರೆ ಕೆಲವು ಬಸ್ಸುಗಳು ನಿಲ್ಲುವುದೇ ಇಲ್ಲ ಎಂಬ ದೂರು ಇಂದು ನಿನ್ನೆಯದಲ್ಲ.

ಚಾಲಕ ಕೆಟ್ಟವನೆಂದು ಹೀಗಾಗುತ್ತಿದೆಯೇ? ಖಂಡಿತ ಅಲ್ಲ. ಹಲವು ಬಸ್ಸುಗಳಲ್ಲಿ ಸಿಬ್ಬಂದಿಯ ದಿನದ ದುಡಿಮೆ ಅಂದಿನ ಕಲೆಕ್ಷನ್ ಮೇಲೆ ನಿಂತಿದೆ. ಮಾಲಕರ ಸಾಲದ ಕಂತೂ ಅದೇ ಕಲೆಕ್ಷನ್‌ನಿಂದ ಹೋಗಬೇಕು. ಒಂದೇ ದಾರಿಯಲ್ಲಿ ಮುಂದೆ ಹೋದವನಿಗೆ ಜನ, ಹಿಂದೆ ಉಳಿದವನಿಗೆ ಖಾಲಿ ಸೀಟು. ಹೀಗಿರುವಾಗ ಪ್ರತಿ ತಲೆಯೂ ಒಂದು ನೋಟಿನಂತೆ ಕಾಣುವುದು ಸಹಜ. ಮುದುಕಿ ಹತ್ತಲು ಅರ್ಧ ನಿಮಿಷ ತೆಗೆದುಕೊಂಡರೆ ಆ ಅರ್ಧ ನಿಮಿಷದಲ್ಲಿ ಮುಂದಿನ ನಿಲ್ದಾಣದ ಹತ್ತು ಜನ ಕೈತಪ್ಪುತ್ತಾರೆ. ವ್ಯವಸ್ಥೆಯೇ ಅವಸರ ಮಾಡು ಎನ್ನುತ್ತಿದೆ. ನಾವು ಚಾಲಕನಿಗೆ ಸಾವಧಾನ ಎಂದು ಬೋಧಿಸುತ್ತಿದ್ದೇವೆ!

ದೆಹಲಿಯಲ್ಲಿ ಇದರ ಕ್ರೂರ ಮುಖ ಕಂಡಿತ್ತು. ಅಲ್ಲಿನ ಬ್ಲೂಲೈನ್ ಖಾಸಗಿ ಬಸ್ಸುಗಳು ಕಲೆಕ್ಷನ್‌ಗಾಗಿ ಓಡಿ ಓಡಿ ಎಷ್ಟೋ ಜನರ ಪ್ರಾಣ ತೆಗೆದವು. ಪತ್ರಿಕೆಗಳು ಅವಕ್ಕೆ 'ಕೊಲೆಗಾರ ಬಸ್ಸು' ಎಂದೇ ಹೆಸರಿಟ್ಟವು. ಕೊನೆಗೆ ಸರಕಾರ ಅವನ್ನು ಹಂತಹಂತವಾಗಿ ನಿಲ್ಲಿಸಿ, 2011ರಿಂದ 'ಕ್ಲಸ್ಟರ್' ಪದ್ಧತಿ ತಂದಿತು. ಅದರಲ್ಲೂ ಬಸ್ಸುಗಳು ಖಾಸಗಿಯವರದ್ದೇ. ಬದಲಾದದ್ದು ಹಣ ಕೊಡುವ ರೀತಿ.

ಕೂಲಿ ಯಾವುದಕ್ಕೆ?

ಮದ್ರಸಗಳಲ್ಲಿ ಫಿಕ್‌ಹ್ ಓದಿದವರಿಗೆ 'ಇಜಾರ' ಎಂಬ ಅಧ್ಯಾಯ ಗೊತ್ತಿರುತ್ತದೆ. ಬಾಡಿಗೆ ಮತ್ತು ಕೂಲಿಯ ಕರಾರುಗಳ ಅಧ್ಯಾಯವದು. ಕೆಲಸ ಯಾವುದು, ಎಷ್ಟು, ಅದಕ್ಕೆ ಪ್ರತಿಫಲವೆಷ್ಟು ಎಂಬುದು ಮೊದಲೇ ಎರಡೂ ಕಡೆಯವರಿಗೆ ತಿಳಿದಿರಬೇಕು ಎಂಬುದು ಅದರ ಮೂಲ. ಜಗಳ ಹುಟ್ಟುವುದೇ ಅಸ್ಪಷ್ಟತೆಯಿಂದ. ಬಸ್ಸಿನ ವಿಷಯಕ್ಕೂ ಈ ಅಳತೆಗೋಲು ಚೆನ್ನಾಗಿ ಹೊಂದುತ್ತದೆ. ನಾವು ಬಸ್ಸಿಗೆ ಹಣ ಕೊಡುವುದು ಯಾವ ಕೆಲಸಕ್ಕೆ? ಜನರನ್ನು ತುಂಬಿಸುವುದಕ್ಕೋ, ಅಥವಾ ಹೇಳಿದ ಹೊತ್ತಿಗೆ ಹೇಳಿದ ದಾರಿಯಲ್ಲಿ ಓಡುವುದಕ್ಕೋ?

ಜಗತ್ತಿನ ಹಲವು ನಗರಗಳು ಎರಡನೆಯ ಉತ್ತರ ಆರಿಸಿಕೊಂಡಿವೆ. ದಕ್ಷಿಣ ಕೊರಿಯಾದ ಸಿಯೋಲ್ ನಗರದ ಕಥೆ ನಮಗೆ ಬಹಳ ಹತ್ತಿರದ್ದು. ಅಲ್ಲೂ ಬಸ್ಸುಗಳೆಲ್ಲ ಖಾಸಗಿ ಕಂಪೆನಿಗಳ ಕೈಯಲ್ಲಿದ್ದವು. ಲಾಭದ ದಾರಿಗೆ ಮುಗಿಬೀಳುವುದು, ನಷ್ಟದ ದಾರಿಯನ್ನು ಬಿಡುವುದು ಅಲ್ಲೂ ಇತ್ತು. 2004ರ ಜುಲೈ 1ರಂದು ಅಲ್ಲಿನ ನಗರಾಡಳಿತ ಒಂದೇ ದಿನ ಇಡೀ ಪದ್ಧತಿಯನ್ನು ಬದಲಿಸಿತು. ಬಸ್ಸುಗಳನ್ನು ಮಾಲಕರಿಂದ ಕಿತ್ತುಕೊಳ್ಳಲಿಲ್ಲ. ದಾರಿ ಮತ್ತು ವೇಳಾಪಟ್ಟಿಯ ನಿರ್ಧಾರವನ್ನು ತಾನು ತೆಗೆದುಕೊಂಡಿತು. ಟಿಕೆಟಿನ ಹಣವೆಲ್ಲ ಒಂದೇ ನಿಧಿಗೆ ಬರುವಂತೆ ಮಾಡಿತು. ಕಂಪೆನಿಗಳಿಗೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಹಣ ಪಾವತಿಸಿತು. ಬಸ್ಸುಗಳಿಗೆ ನಾಲ್ಕು ಬಣ್ಣ: ಮುಖ್ಯ ದಾರಿಗೆ ನೀಲಿ, ಒಳದಾರಿಗೆ ಹಸಿರು, ಪೇಟೆಯೊಳಗೆ ಸುತ್ತುವುದಕ್ಕೆ ಹಳದಿ, ಹೊರ ಊರುಗಳಿಗೆ ಕೆಂಪು. ಒಂದೇ ಕಾರ್ಡು ಹಿಡಿದು ಬಸ್ಸಿನಿಂದ ಬಸ್ಸಿಗೆ, ಬಸ್ಸಿನಿಂದ ಮೆಟ್ರೋ ರೈಲಿಗೆ ಹತ್ತಬಹುದು. ಪ್ರತಿ ಬಾರಿ ಹೊಸ ಟಿಕೆಟು ಬೇಡ, ಒಟ್ಟು ದೂರಕ್ಕೆ ಮಾತ್ರ ದರ.

ಮೊದಲ ದಿನಗಳಲ್ಲಿ ಕಾರ್ಡಿನ ಯಂತ್ರಗಳು ಕೈಕೊಟ್ಟು ಗೊಂದಲವಾಯಿತು, ಜನ ಸಿಟ್ಟಾದರು. ಆಮೇಲೆ ಹೊಂದಿಕೊಂಡಿತು. ಇನ್ನೊಂದು ಸತ್ಯವನ್ನೂ ಹೇಳಬೇಕು. ಕಿಲೋಮೀಟರಿಗೆ ಹಣ ಕೊಟ್ಟಾಗ ನಗರದ ಬೊಕ್ಕಸದ ಮೇಲೆ ಹೊರೆ ಬೀಳುತ್ತದೆ, ಸಿಯೋಲ್‌ನಲ್ಲೂ ಬಿತ್ತು. ಖಾಲಿ ಬಸ್ಸು ಓಡಿಸಿದರೂ ಹಣ ಬರುತ್ತದೆಂದಾದರೆ ಪ್ರಯಾಣಿಕನ ಬಗ್ಗೆ ಉದಾಸೀನ ಹುಟ್ಟಲೂಬಹುದು. ಆದ್ದರಿಂದಲೇ ಕರಾರಿನಲ್ಲಿ ಗುಣಮಟ್ಟದ ಷರತ್ತು ಬೇಕು: ಟ್ರಿಪ್ ತಪ್ಪಿಸಿದರೆ ದಂಡ, ನಿಲ್ದಾಣ ಬಿಟ್ಟು ಓಡಿದರೆ ದಂಡ, ಶುಚಿಯಾಗಿ ಸಮಯಕ್ಕೆ ಸರಿಯಾಗಿ ನಡೆಸಿದರೆ ಬಹುಮಾನ.

ಅಷ್ಟು ದೂರ ಬೇಡವೆಂದರೆ ಮಧ್ಯಪ್ರದೇಶದ ಇಂದೋರ್ ಇದೆ. 2005ರ ಕೊನೆಯಲ್ಲಿ ಅಲ್ಲಿನ ನಗರಪಾಲಿಕೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಸೇರಿ ಒಂದು ಸಾರಿಗೆ ಕಂಪೆನಿ ಕಟ್ಟಿದವು. ಬಸ್ಸು ಕೊಂಡವರು, ಓಡಿಸಿದವರು ಖಾಸಗಿಯವರು. ದಾರಿ, ದರ, ಮೇಲ್ವಿಚಾರಣೆ ಕಂಪೆನಿಯದ್ದು. ಟಿಕೆಟಿನ ಜೊತೆಗೆ ಪಾಸು ಮತ್ತು ಜಾಹೀರಾತಿನಿಂದಲೂ ಆದಾಯ ಬಂತು. 2006ರ ಆರಂಭದಲ್ಲೇ ಬಸ್ಸುಗಳು ರಸ್ತೆಗಿಳಿದವು. ಸರಕಾರದ ಕೈಯಲ್ಲಿ ಬಸ್ಸು ಕೊಳ್ಳುವ ಹಣ ಇಲ್ಲದಿದ್ದರೂ ವ್ಯವಸ್ಥೆಯನ್ನು ಕಟ್ಟಬಹುದೆಂದು ಆ ನಗರ ತೋರಿಸಿತು.

ನಮ್ಮ ಹೆದ್ದಾರಿ ಕಲಿಸಿದ ಪಾಠ

ಪಾಲುದಾರಿಕೆ ಎಂದ ಕೂಡಲೇ ಎಲ್ಲವೂ ಒಳ್ಳೆಯದಾಗುತ್ತದೆ ಎಂದು ನಂಬಬೇಕಾಗಿಲ್ಲ. ಬೈಕಂಪಾಡಿಯವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುರತ್ಕಲ್‌ನಿಂದ ನಂತೂರು, ಪಡೀಲ್ ಮೂಲಕ ಬಿ.ಸಿ.ರೋಡಿನವರೆಗೆ ಸುಮಾರು 37 ಕಿಲೋಮೀಟರ್ ಚತುಷ್ಪಥ ರಸ್ತೆಯನ್ನು ಹೆದ್ದಾರಿ ಪ್ರಾಧಿಕಾರ ಮತ್ತು ಬಂದರು ಮಂಡಳಿ ಸೇರಿ ಕಟ್ಟಿದ ಒಂದು ಕಂಪೆನಿ ನಿರ್ಮಿಸಿತು. ಎರಡೂ ಸರಕಾರಿ ಸಂಸ್ಥೆಗಳೇ. ಅದರ ಉತ್ತರಕ್ಕೆ ಕುಂದಾಪುರದವರೆಗೆ, ದಕ್ಷಿಣಕ್ಕೆ ನಂತೂರಿನಿಂದ ತಲಪಾಡಿಯವರೆಗೆ ಒಂದು ಖಾಸಗಿ ಕಂಪೆನಿ ಬಂಡವಾಳ ಹಾಕಿ ರಸ್ತೆ ಮಾಡಿ ಟೋಲ್ ವಸೂಲು ಮಾಡುವ ಕರಾರು. ಹೀಗೆ ಒಂದೇ ಹೆದ್ದಾರಿಗೆ ಇಬ್ಬರು ಯಜಮಾನರು.

ಫಲ ಏನಾಯಿತು? 2015ರಿಂದ ಸುರತ್ಕಲ್‌ನ ಎನ್.ಐ.ಟಿ.ಕೆ. ಬಳಿ ಟೋಲ್ ಗೇಟು. ಇಪ್ಪತ್ತು ಕಿಲೋಮೀಟರಿನೊಳಗೆ ಹೆಜಮಾಡಿಯಲ್ಲಿ ಇನ್ನೊಂದು. ಜನ ವರ್ಷಾನುಗಟ್ಟಲೆ ಹೋರಾಡಿದರು. 2022ರ ಅಕ್ಟೋಬರ್ ಕೊನೆಯಿಂದ ಹಗಲು ರಾತ್ರಿ ಧರಣಿ ಕುಳಿತರು. ಕೊನೆಗೆ 2022ರ ಡಿಸೆಂಬರ್ 1ರಿಂದ ಸುರತ್ಕಲ್ ಟೋಲ್ ನಿಂತಿತು. ಇತ್ತ ಪಂಪ್‌ವೆಲ್ ಮೇಲ್ಸೇತುವೆ ಸುಮಾರು ಒಂದು ದಶಕ ಎಳೆದಾಡಿ 2020ರ ಜನವರಿ 31ರಂದು ತೆರೆಯಿತು. ಅಷ್ಟರಲ್ಲಿ ಅದು ಜಿಲ್ಲೆಯ ನಗೆಚಾಟಿಕೆಯ ವಸ್ತುವಾಗಿತ್ತು. ಅದೇ ಪಂಪ್‌ವೆಲ್‌ನಲ್ಲಿ ಸಹಭಾಗಿತ್ವದಲ್ಲಿ ಸುಸಜ್ಜಿತ ಬಸ್ ನಿಲ್ದಾಣ ಕಟ್ಟುವ ಯೋಜನೆ ಸ್ಮಾರ್ಟ್ ಸಿಟಿಯ ಪಟ್ಟಿಗೂ ಸೇರಿತು. ಆ ಮಾತನ್ನು ಕೇಳುತ್ತಾ ಬಂದು ದಶಕವೇ ಮೀರಿದೆ.

ಇಲ್ಲಿನ ಪಾಠ ಸರಳ. ಹಣ ಹಾಕಿದವನಿಗೆ ಹಣ ಹೇಗೆ ಮರಳಬೇಕೆಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಆದರೆ ಬಸ್ಸು ನಿಲ್ಲಲು ಬೇ ಎಲ್ಲಿ, ಪಾದಚಾರಿ ದಾಟುವುದು ಎಲ್ಲಿ, ಸರ್ವಿಸ್ ರಸ್ತೆ ಯಾವಾಗ, ತಡವಾದರೆ ಜನರಿಗೆ ಪರಿಹಾರವೇನು ಎಂಬ ವಿಷಯಗಳು ಕೊನೆಯ ಪುಟಕ್ಕೆ ಜಾರಿಬಿಡುತ್ತವೆ.

ಹಾಗೆಂದು ಒಳ್ಳೆಯ ಉದಾಹರಣೆ ಇಲ್ಲವೇ? ಇದೆ, ಅದೂ ನಮ್ಮ ಊರಿಗೇ ಬಂದು ಮುಟ್ಟುವ ರೈಲು ಹಳಿಯಲ್ಲಿ. ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಆರಂಭವಾಗಿ, ಬ್ರಾಡ್‌ಗೇಜ್ ಮಾಡುವುದಕ್ಕಾಗಿ 1996ರಲ್ಲಿ ನಿಂತುಹೋಗಿತ್ತು. ವರ್ಷಗಟ್ಟಲೆ ಕೆಲಸ ಕುಂಟಿತು. 2003ರಲ್ಲಿ ರೈಲ್ವೆ ಸಚಿವಾಲಯ, ಕರ್ನಾಟಕ ಸರಕಾರ, ಬಂದರು ಮಂಡಳಿ ಮತ್ತು ಒಂದು ಖಾಸಗಿ ಅದಿರು ಕಂಪೆನಿ ಮೊದಲಾದವರು ಸೇರಿ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪೆನಿಯನ್ನು ಕಟ್ಟಿದರು. 2006ರ ಮೇ ತಿಂಗಳಲ್ಲಿ ಸರಕು ರೈಲು ಓಡಿತು. 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲೂ ಬಂತು. ಅದಿರು ಕಂಪೆನಿಗೆ ಬೇಕಾಗಿದ್ದದ್ದು ಬಂದರಿಗೆ ದಾರಿ, ನಮಗೆ ಬೇಕಾಗಿದ್ದದ್ದು ಬೆಂಗಳೂರಿಗೆ ರಾತ್ರಿ ರೈಲು. ಇಬ್ಬರ ಅಗತ್ಯವೂ ಒಂದೇ ಹಳಿಯಲ್ಲಿ ಈಡೇರಿತು. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿದಾಗ ಸರಕಿನ ಲೆಕ್ಕಾಚಾರ ಅಲುಗಾಡಿತು ನಿಜ. ಆದರೆ ಪ್ರಯಾಣಿಕರಿಗೆ ರೈಲು ಉಳಿಯಿತು.

ಆದರೂ ಪೇಟೆಯೊಳಗಿನ ನಿತ್ಯದ ಓಡಾಟಕ್ಕೆ ಈ ಹಳಿಗಳು ನಮಗೆ ದಕ್ಕಿಲ್ಲ. ಮಂಗಳೂರಿನ ಸುತ್ತಲಿನ ರೈಲು ಮೂರು ಆಡಳಿತಗಳ ನಡುವೆ ಹರಿದು ಹಂಚಿಹೋಗಿದೆ: ಪಾಲಕ್ಕಾಡ್ ವಿಭಾಗ, ಮೈಸೂರು ವಿಭಾಗ ಮತ್ತು ಕೊಂಕಣ ರೈಲ್ವೆ. ತೋಕೂರು, ಜೋಕಟ್ಟೆ, ಸುರತ್ಕಲ್‌ಗಳನ್ನು ಮಂಗಳೂರು ಸೆಂಟ್ರಲ್‌ಗೆ ಬೆಸೆಯುವ ಬೆಳಿಗ್ಗೆ-ಸಂಜೆಯ ಲೋಕಲ್ ರೈಲಿಗೆ ಹಳಿ ಸಿದ್ಧವಿದೆ. ಮೂವರು ಯಜಮಾನರು ಒಂದೇ ಮೇಜಿಗೆ ಬರಬೇಕಾಗಿದೆ.

ತಾಯಂದಿರ ಲೆಕ್ಕ

ಈಗ ಈ ಪತ್ರಿಕೆಯನ್ನು ಓದುವ ತಾಯಂದಿರ, ಸಹೋದರಿಯರ ವಿಷಯಕ್ಕೆ ಬರೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. ಬೆಂಗಳೂರಿನ ಗಾರ್ಮೆಂಟ್ ಕಾರ್ಮಿಕ ಮಹಿಳೆಗೆ, ಮೈಸೂರಿನ ಹೂ ಮಾರುವವಳಿಗೆ ಇದರಿಂದ ತಿಂಗಳ ಖರ್ಚಿನಲ್ಲಿ ದೊಡ್ಡ ಉಳಿತಾಯ. ಬೈಕಂಪಾಡಿಯ ಕಾರ್ಖಾನೆಗೆ ಕಾಟಿಪಳ್ಳದಿಂದಲೋ ಕೃಷ್ಣಾಪುರದಿಂದಲೋ ಬರುವ ಮಹಿಳೆಗೆ? ಅವಳ ದಾರಿಯಲ್ಲಿ ಓಡುವುದು ಬಹುತೇಕ ಖಾಸಗಿ ಬಸ್ಸು. ಉಚಿತದ ಚೀಟಿ ಅಲ್ಲಿ ನಡೆಯುವುದಿಲ್ಲ. ಹೋಗಿ ಬರಲು ದಿನಕ್ಕೆ 40 ರೂಪಾಯಿ ಎಂದಿಟ್ಟುಕೊಂಡರೂ 25 ದಿನದ ಕೆಲಸಕ್ಕೆ 1000 ರೂಪಾಯಿ. ಅದು ಒಂದು ಮನೆಯ ಹಾಲಿನ ಲೆಕ್ಕ, ಒಂದು ಮಗುವಿನ ಟ್ಯೂಷನ್ ಲೆಕ್ಕ.

ಒಂದೇ ರಾಜ್ಯದ ಇಬ್ಬರು ಮಹಿಳೆಯರಲ್ಲಿ ಒಬ್ಬಳಿಗೆ ಸಿಗುವ ಸೌಲಭ್ಯ ಇನ್ನೊಬ್ಬಳಿಗೆ ಸಿಗದಿರುವುದಕ್ಕೆ ಅವಳ ಊರಿನಲ್ಲಿ ಬಸ್ಸಿನ ಮಾಲಕ ಯಾರೆಂಬುದು ಕಾರಣವಾಗಬಾರದು. ಕರಾವಳಿಯ ಖಾಸಗಿ ಬಸ್ಸು ಮಾಲಕರು ಸಹ ಶಕ್ತಿಯನ್ನು ತಮ್ಮ ಬಸ್ಸುಗಳಿಗೂ ವಿಸ್ತರಿಸಿ, ಹಣವನ್ನು ಸರಕಾರ ಭರಿಸಲಿ ಎಂದು ಕೇಳಿದ್ದಾರೆ. ತಲೆ ಲೆಕ್ಕದ ಹಳೆಯ ಪದ್ಧತಿಯಲ್ಲಿ ಇದು ಕಷ್ಟ. ಎಷ್ಟು ಮಹಿಳೆಯರು ಹತ್ತಿದರೆಂಬ ಲೆಕ್ಕಕ್ಕೇ ಜಗಳವಾದೀತು. ಕಿಲೋಮೀಟರಿಗೆ ಹಣ ಕೊಡುವ ಕರಾರಿನಲ್ಲಿ ಆ ಜಗಳವೇ ಇಲ್ಲ. ಬಸ್ಸು ಓಡಿತೇ, ಹಣ ಸಂದಿತೇ, ಮುಗಿಯಿತು. ಒಳಗೆ ಕುಳಿತವಳು ಟಿಕೆಟು ತೆಗೆದಳೋ, ಉಚಿತವಾಗಿ ಬಂದಳೋ ಎಂಬುದು ಮಾಲಕನಿಗೆ ಚಿಂತೆಯಲ್ಲ. ಆಗ ಪಾಸಿನ ಮಗುವನ್ನು ಕಂಡು ಬಸ್ಸು ನಿಲ್ಲಿಸದೆ ಹೋಗುವ ಕಾರಣವೂ ಇರುವುದಿಲ್ಲ.

ಮಾಲಕರ ಮಾತನ್ನೂ ಕೇಳಬೇಕು

ನ್ಯಾಯದ ತಕ್ಕಡಿಗೆ ಎರಡು ತಟ್ಟೆ. ಒಂದೆರಡು ಬಸ್ಸಿಟ್ಟುಕೊಂಡು ಬದುಕುವ ಸಣ್ಣ ಮಾಲಕರು ನಮ್ಮಲ್ಲಿ ಬಹಳ. ಡೀಸೆಲ್ ಬೆಲೆ, ತೆರಿಗೆ, ವಿಮೆ, ಬಿಡಿಭಾಗ ಎಲ್ಲವೂ ಏರಿದೆ. ಕೊರೋನಾ ಕಾಲದಲ್ಲಿ ಎಷ್ಟೋ ಮಂದಿ ಬಸ್ಸು ನಿಲ್ಲಿಸಿ ಪರವಾನಗಿ ಒಪ್ಪಿಸಿದರು. ಎರಡು ಚಕ್ರದ ವಾಹನಗಳು ಮನೆಮನೆಗೆ ಬಂದು ಪ್ರಯಾಣಿಕರು ಕಡಿಮೆಯಾದರು. ಕೇಂದ್ರದ ನರ್ಮ್ ಯೋಜನೆಯಲ್ಲಿ ಮಂಗಳೂರಿಗೆ ಸರಕಾರಿ ಸಿಟಿ ಬಸ್ಸುಗಳು ಬಂದಾಗ ಖಾಸಗಿಯವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅದರಲ್ಲಿ ಸ್ವಾರ್ಥವಷ್ಟೇ ಅಲ್ಲ, ಅನ್ನದ ಭಯವೂ ಇತ್ತು.

ಅವರ ಇನ್ನೊಂದು ಆತಂಕವೂ ಗಟ್ಟಿಯಾದದ್ದೇ: 'ಸರಕಾರ ಹಣ ಸಮಯಕ್ಕೆ ಕೊಟ್ಟೀತೇ?' ಈ ಪ್ರಶ್ನೆ ದೇಶದ ತುಂಬ ಇತ್ತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಸಹಭಾಗಿತ್ವದ ಮಾದರಿಯಲ್ಲಿ 10,000 ವಿದ್ಯುತ್ ಬಸ್ಸುಗಳ ಪಿಎಂ ಇ-ಬಸ್ ಸೇವಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮಂಗಳೂರೂ ಅದರ ಪಟ್ಟಿಯಲ್ಲಿದೆ. ಬಸ್ಸು ತರುವುದು, ಓಡಿಸುವುದು ಖಾಸಗಿ ಕಂಪೆನಿ. ಹಣ ಕಿಲೋಮೀಟರ್ ಲೆಕ್ಕದಲ್ಲಿ. ಪಾವತಿ ತಡವಾದೀತೆಂಬ ಭಯಕ್ಕೆ 2024ರ ಸೆಪ್ಟೆಂಬರ್‌ನಲ್ಲಿ 3,435 ಕೋಟಿ ರೂಪಾಯಿಯ ಪಾವತಿ ಭದ್ರತಾ ನಿಧಿಗೂ ಒಪ್ಪಿಗೆ ಸಿಕ್ಕಿತು. ಸಾರಿಗೆ ಸಂಸ್ಥೆ ಹಣ ಕೊಡಲು ತಪ್ಪಿದರೆ ಆ ನಿಧಿಯಿಂದ ಕೊಟ್ಟು, ಆಮೇಲೆ ರಾಜ್ಯದಿಂದ ವಸೂಲು ಮಾಡುವುದು ಅದರ ಕ್ರಮ.

ದೊಡ್ಡ ಕಂಪೆನಿಗೆ ಕೊಡುವ ಈ ಭದ್ರತೆಯನ್ನು ನಮ್ಮ ಊರಿನ ಸಣ್ಣ ಮಾಲಕನಿಗೆ ಏಕೆ ಕೊಡಬಾರದು? ಒಂದೊಂದು ದಾರಿಯ ಮಾಲಕರು ಸೇರಿ ಸಹಕಾರ ಸಂಘವೋ ಕಂಪೆನಿಯೋ ಮಾಡಿಕೊಂಡು ಕರಾರಿಗೆ ಸಹಿ ಹಾಕಬಹುದು. ಮಂಗಳೂರಿನ ಸಿಟಿ ಬಸ್ಸಿನವರು ಚಲೋ ಎಂಬ ಸಂಸ್ಥೆಯೊಂದಿಗೆ ಸೇರಿ ಕಾರ್ಡು, ಮೊಬೈಲಿನಲ್ಲಿ ಬಸ್ಸು ಎಲ್ಲಿದೆಯೆಂದು ತೋರಿಸುವ ಆ್ಯಪ್ ಎರಡನ್ನೂ ಜನರಿಗೆ ಕೊಟ್ಟಿದ್ದಾರೆ. ಅಂದರೆ ಬಸ್ಸು ಎಷ್ಟು ಕಿಲೋಮೀಟರ್ ಓಡಿತೆಂದು ಅಳೆಯುವ ಉಪಕರಣ ಈಗಾಗಲೇ ಕೈಯಲ್ಲಿದೆ. ತಂತ್ರಜ್ಞಾನಕ್ಕಾಗಿ ಕಾಯಬೇಕಾಗಿಲ್ಲ.

ನೀವು ಏನು ಕೇಳಬಹುದು?

ವಾಟರ್ ಮೆಟ್ರೋ, ವಿದ್ಯುತ್ ಬಸ್ಸು, ಹೊಸ ಟರ್ಮಿನಲ್ ಎಂಬ ಸುದ್ದಿಗಳು ಬರುತ್ತಲೇ ಇರುತ್ತವೆ. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ಆರಂಭವಾದ ವಾಟರ್ ಮೆಟ್ರೋ ನೋಡಿ 2024ರ ರಾಜ್ಯ ಬಜೆಟ್‌ನಲ್ಲಿ ಮಂಗಳೂರಿಗೂ ಅಂಥದ್ದರ ಪ್ರಸ್ತಾಪವಾಯಿತು. ಬರಲಿ, ಸಂತೋಷ. ಆದರೆ ದೋಣಿ ಇಳಿದವನಿಗೆ ಬಸ್ಸು ಸಿಗದಿದ್ದರೆ, ಬಸ್ಸು ಇಳಿದವಳಿಗೆ ರಸ್ತೆ ದಾಟಲು ದಾರಿಯಿಲ್ಲದಿದ್ದರೆ ಆ ವೈಭವದಿಂದ ಪ್ರಯೋಜನವೇನು? ಯಾವ ಹೊಸ ಯೋಜನೆ ಬಂದರೂ ನೀವು ಕೇಳಬೇಕಾದ ಪ್ರಶ್ನೆಗಳು ಐದು:

ಒಂದು, ಒಂದೇ ಟಿಕೆಟಿನಲ್ಲಿ ಮನೆಯಿಂದ ಗುರಿಯವರೆಗೆ ಹೋಗಬಹುದೇ?
ಎರಡು, ನಿರ್ವಾಹಕನ ಸಂಬಳ ಕಲೆಕ್ಷನ್‌ನಿಂದಲೋ, ಓಡಿಸಿದ ಕೆಲಸದಿಂದಲೋ?
ಮೂರು, ನಷ್ಟದ ದಾರಿಗೆ, ರಾತ್ರಿಯ ಪಾಳಿಗೆ, ಭಾನುವಾರಕ್ಕೆ ಬಸ್ಸು ಕರಾರಿನಲ್ಲಿದೆಯೇ?
ನಾಲ್ಕು, ಟ್ರಿಪ್ ತಪ್ಪಿಸಿದರೆ ಅಥವಾ ಹಣ ತಡೆಹಿಡಿದರೆ ಯಾರಿಗೆ ಎಷ್ಟು ದಂಡ?
ಐದು, ಕರಾರಿನ ಪ್ರತಿಯನ್ನು ಸಾಮಾನ್ಯ ಮನುಷ್ಯ ಕನ್ನಡದಲ್ಲಿ ಓದಬಹುದೇ?

ಎಲ್ಲಿ ಕೇಳುವುದು? ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಅರ್ಜಿ ಬರೆಯಬಹುದು. ನಿಮ್ಮ ವಾರ್ಡಿನ ಸಮಸ್ಯೆಯನ್ನು ನಗರಪಾಲಿಕೆಗೆ ಮುಟ್ಟಿಸಬಹುದು. ನಿಮ್ಮ ದಾರಿಯ ಪರವಾನಗಿಯಲ್ಲಿ ಯಾವ ವೇಳಾಪಟ್ಟಿ ಬರೆದಿದೆಯೆಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಜಮಾಅತಿನವರು, ಮಹಿಳಾ ಮಂಡಳಿಯವರು, ಶಾಲೆಯ ಪೋಷಕರ ಸಭೆಯವರು ಒಂದು ವಾರ ತಮ್ಮ ನಿಲ್ದಾಣದಲ್ಲಿ ಬಸ್ಸು ಬಂದ ಹೊತ್ತನ್ನು ಪುಸ್ತಕದಲ್ಲಿ ಬರೆದಿಟ್ಟರೂ ಸಾಕು. ಪರವಾನಗಿಯ ಹೊತ್ತು ಒಂದು ಪುಟದಲ್ಲಿ, ಬಸ್ಸು ಬಂದ ಹೊತ್ತು ಇನ್ನೊಂದು ಪುಟದಲ್ಲಿ. ಬೈಗುಳಕ್ಕಿಂತ ಇಂಥ ಲೆಕ್ಕಕ್ಕೆ ಬಲ ಹೆಚ್ಚು. ಅಧಿಕಾರಿಗೂ ಅದನ್ನು ತಳ್ಳಿಹಾಕುವುದು ಸುಲಭವಲ್ಲ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ವಾಹನಗಳ ಓಡಾಟಕ್ಕಿಂತ ಜನರ ಓಡಾಟ ಮುಖ್ಯ ಎಂದು ಒಪ್ಪಿಕೊಂಡಿದೆ. ಕಾಗದದಲ್ಲಿರುವ ಆ ಮಾತು ರಸ್ತೆಗೆ ಇಳಿಯಬೇಕಾದರೆ ಬಸ್ಸು ಖಾಸಗಿಯದ್ದೋ ಸರಕಾರದ್ದೋ ಎಂಬ ಹಳೆಯ ಜಗಳವನ್ನು ಬಿಡಬೇಕು. ಬಸ್ಸು ಯಾರದ್ದಾದರೂ ಆಗಲಿ, ಅದು ಸಮಯಕ್ಕೆ ಬರಲಿ, ನಿಂತು ಹತ್ತಿಸಿಕೊಳ್ಳಲಿ, ಕ್ಷೇಮವಾಗಿ ಇಳಿಸಲಿ. ಇದನ್ನು ಬರೆದು ಸಹಿ ಹಾಕಿಸಿಕೊಳ್ಳುವುದು ಸರಕಾರದ ಕೆಲಸ, ನಡೆಸಿಕೊಡುವುದು ಮಾಲಕರ ಕೆಲಸ. ಬರೆದದ್ದು ನಡೆಯುತ್ತಿದೆಯೇ ಎಂದು ನೋಡುವುದು ನಮ್ಮ ನಿಮ್ಮ ಕೆಲಸ.